ಬೇಕರಿಯವನಿಗೆ ಕಂಪನಿ ಕೋರ್ಟಿನ ದಾರಿ ತೋರಿಸಿದವರು

ಸಂಪಾದಕರಿಗೆ,

ಭಾನುವಾರದ ನಿಮ್ಮ ಜಿಲ್ಲಾ ಪುಟದಲ್ಲಿ ಸಾಲ ಪರಿಹಾರ ಮಾಹಿತಿ ಶಿಬಿರದ ಸುದ್ದಿ ಬಂದಿದೆ. ಸಾರ್ವಜನಿಕರ ಎಲ್ಲ ಪ್ರಶ್ನೆಗಳಿಗೂ ಅಧಿಕಾರಿಗಳು ಸಮರ್ಪಕ ಉತ್ತರ ನೀಡಿದರು ಅಂತ ಕೊನೇ ಸಾಲು. ನಿಮ್ಮ ವರದಿಗಾರರು ಊಟಕ್ಕೆ ಮುಂಚೆಯೇ ಎದ್ದು ಹೋದರೋ, ಊಟದ ಹೊತ್ತಿಗೆ ಬಂದರೋ ಗೊತ್ತಿಲ್ಲ. ಪ್ರಶ್ನೆ ಕೇಳಿದವರಲ್ಲಿ ನಾನೂ ಒಬ್ಬ. ಸಿಕ್ಕ ಉತ್ತರ ಎಂಥದ್ದು ಅಂತ ಹೇಳುತ್ತೇನೆ, ಅದನ್ನೂ ಹಾಕಿ.

ಕರಪತ್ರದಲ್ಲಿ ಹತ್ತು ಗಂಟೆ ಅಂತ ಇತ್ತು. ಶುರುವಾಗಿದ್ದು ಹನ್ನೊಂದೂವರೆಗೆ. ಗಿಡಕ್ಕೆ ನೀರೆರೆದು ಉದ್ಘಾಟನೆ. ಆಮೇಲೆ ವೇದಿಕೆ ಮೇಲಿದ್ದ ಒಬ್ಬೊಬ್ಬರಿಗೂ ಶಾಲು, ಪೇಟ, ಹಣ್ಣಿನ ಬುಟ್ಟಿ. ಸಾಲಗಾರರ ಪಾಲಿಗೆ ಉಳಿದದ್ದು ಹಿಂದುಗಡೆಯಿಂದ ಪಲಾವ್ ವಾಸನೆ ಬರೋಕೆ ಶುರುವಾದ ಮೇಲಿನ ಸ್ವಲ್ಪ ಹೊತ್ತು.

ನನ್ನ ಭಾವಮೈದನದು ಬೇಕರಿ. ಪೇಟೆ ಬೀದಿ ಅಗೆದು ಜಲ್ಲಿ ಸುರಿದು ಹೋದ ಗುತ್ತಿಗೆದಾರರು ಇನ್ನೂ ವಾಪಸ್ ಬಂದಿಲ್ಲ. ನೀವೇ ಫೋಟೊ ಹಾಕಿದ್ದೀರಿ. ಧೂಳು ಕೂತ ಪಫ್ಸ್ ಯಾರು ತಿನ್ನುತ್ತಾರೆ? ಓವನ್ ಸಾಲ, ಕೈಸಾಲ, ಚೀಟಿ ದುಡ್ಡು ಎಲ್ಲ ಸೇರಿ ಈಗ ಕತ್ತಿಗೆ ಬಂದಿದೆ. ಓವನ್ ಸಾಲಕ್ಕೆ ಜಾಮೀನು ಹಾಕಿದ ಮಹಾನುಭಾವ ನಾನೇ. ಕೇಳಿದ್ದು ಇಷ್ಟು: ಇವನು ಪಾಪರ್ ಅರ್ಜಿ, ಅಂದ್ರೆ ಸಾಲ ತೀರಿಸೋಕೆ ಆಗಲ್ಲ ಅಂತ ದಿವಾಳಿ ಅರ್ಜಿ, ಹಾಕುವುದಾದರೆ ಎಲ್ಲಿ ಹಾಕಬೇಕು? ಹಾಕಿದರೆ ನನ್ನ ಗತಿ ಏನು? ಮೈಕ್ ಹಿಡಿದ ಸಾಹೇಬರು 2016ರ ದಿವಾಳಿ ಸಂಹಿತೆ ಅಂತ ಏನೇನೋ ಹೇಳಿ, 'ಬೆಂಗಳೂರಿಗೆ ಹೋಗಿ, ಅಲ್ಲಿ ಕಂಪನಿ ನ್ಯಾಯಮಂಡಳಿ ಇದೆ' ಅಂದರು. ಅದಕ್ಕೆ ಚಪ್ಪಾಳೆ ಬೇರೆ.

ಹೋದೆವು. ಸೋಮವಾರ ಬೇಕರಿ ಬಾಗಿಲು ಹಾಕಿ, ಮೊದಲ ಬಸ್ಸಿನಲ್ಲಿ ನಿಂತುಕೊಂಡೇ ಹೋದೆವು. ಟೇಬಲ್ ಹಿಂದಿದ್ದ ಹುಡುಗ 'ಯಾವ ಕಂಪನಿ ಸರ್?' ಅಂದ. ಕಂಪನಿ ಅಲ್ಲಪ್ಪ, ಬೇಕರಿ ಅಂದೆ. ಪಾಪ, ನಗಲಿಲ್ಲ. 'ಇಲ್ಲಿ ಕಂಪನಿಗಳದ್ದು, ಕಂಪನಿ ಸಾಲಕ್ಕೆ ಜಾಮೀನು ನಿಂತವರದ್ದು ಮಾತ್ರ. ನಿಮ್ಮ ಜಿಲ್ಲಾ ಕೋರ್ಟಲ್ಲಿ ವಿಚಾರಿಸಿ' ಅಂದ. ನಮ್ಮ ಸಾಹೇಬರಿಗಿಂತ ಅವನಿಗೇ ಜಾಸ್ತಿ ಗೊತ್ತಿತ್ತು. ಆಟೋದವರಿಗೆ ಕೊಟ್ಟ ದುಡ್ಡಿನ ಮಾತು ಬೇಡ. ಆವತ್ತಿನ ಬನ್ ಆರ್ಡರ್ ಪಕ್ಕದ ಅಂಗಡಿ ಪಾಲಾಯಿತು.

ಊರಿಗೆ ಬಂದು ಹಳೇ ವಕೀಲರೊಬ್ಬರನ್ನು ಹಿಡಿದೆ. ಒಂದು ಟೀ ಕುಡಿಯುವಷ್ಟರಲ್ಲಿ ಎಲ್ಲ ಹೇಳಿದರು. 2016ರ ಕಾಯ್ದೆಯಲ್ಲಿ ನಮ್ಮಂಥವರ ಭಾಗ ಇದೆ, ಜಾರಿ ಮಾಡಿಲ್ಲ. 2019ರ ಡಿಸೆಂಬರ್ 1ರಿಂದ ಜಾರಿಯಾಗಿದ್ದು ಕಂಪನಿ ಸಾಲಕ್ಕೆ ಜಾಮೀನು ಕೊಟ್ಟವರ ಮಟ್ಟಿಗಷ್ಟೇ. ಅಂದ್ರೆ ಮಿಲ್ ಯಜಮಾನರ ಜಾಮೀನಿಗೆ ಹೊಸ ಕಾನೂನು. ಬೇಕರಿ ಓವನ್ನಿಗೆ ಇನ್ನೂ ಬ್ರಿಟಿಷರ ಕಾಲದ 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅದರಲ್ಲಿ 500 ರೂಪಾಯಿ ಸಾಲ ಇದ್ದರೂ ಅರ್ಜಿ ಹಾಕಬಹುದು. ನೂರು ವರ್ಷ ಕಳೆದರೂ ಆ 500 ತಿದ್ದೋಕೆ ಯಾರಿಗೂ ಪುರುಸೊತ್ತಾಗಿಲ್ಲ. ಹೊಸದರಲ್ಲಿ ತೀರಾ ಬಡವರ ಸಾಲ ಪೂರ್ತಿ ತೆಗೆದುಹಾಕುವ ಅಧ್ಯಾಯವೂ ಇದೆಯಂತೆ. ವರ್ಷದ ಆದಾಯ 60,000, ಸಾಲ 35,000, ಆಸ್ತಿ 20,000 ದಾಟಬಾರದು. ಸ್ವಂತ ಮನೆ ಇರಬಾರದು. ಇಷ್ಟು ಜಿಪುಣತನದಲ್ಲಿ ಬರೆದಿದ್ದನ್ನೂ ಜಾರಿ ಮಾಡಿಲ್ಲ ನೋಡಿ!

ನನ್ನ ಗತಿಗೂ ಉತ್ತರ ಸಿಕ್ಕಿತು. ಕೋರ್ಟು ಅವನನ್ನು ಸಾಲದಿಂದ ಬಿಟ್ಟರೂ ಜಾಮೀನುದಾರನನ್ನು ಬಿಡುವುದಿಲ್ಲ, ಆ 1920ರ ಕಾಯ್ದೆಯಲ್ಲೇ ಬರೆದಿದೆ. ಕೇಳಿ ಹೊಟ್ಟೆ ಉರಿಯಿತು. ಆದರೂ ಅದು ಉತ್ತರ ತಾನೆ? ಇದನ್ನು ಹೇಳೋಕೆ ಶಾಲು, ಪೇಟ ಯಾಕೆ ಬೇಕಿತ್ತು?

ಶಿಬಿರದಲ್ಲಿ ನನ್ನ ಪಕ್ಕ ಕೂತಿದ್ದ ಹೆಣ್ಣುಮಗಳು, 'ತಾಳಿ, ಪಾತ್ರೆ ಎಲ್ಲ ಎತ್ತಿಕೊಂಡು ಹೋಗ್ತಾರಾ ಸರ್?' ಅಂತ ಕೇಳಿದರು. 'ಕಾನೂನು ಪ್ರಕಾರ ಕ್ರಮ ಆಗುತ್ತೆ' ಅಂದರು ಸಾಹೇಬರು. ಆಯಮ್ಮನ ಮುಖ ನೋಡಬೇಕಿತ್ತು ನೀವು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸರು ಮೈಮೇಲಿಂದ ತೆಗೆಯಬಾರದ ಒಡವೆ, ಕಸುಬಿನವರ ಉಪಕರಣ ಯಾವುದನ್ನೂ ಮುಟ್ಟುವಂತಿಲ್ಲ. ಇನ್ನೊಬ್ಬರು ಜೈಲಿಗೆ ಹಾಕ್ತಾರಾ ಅಂದರು. ದುರುದ್ದೇಶ ಇಲ್ಲದೆ, ನಿಜಕ್ಕೂ ಕೈಲಾಗದೆ ಸಾಲ ಉಳಿಸಿಕೊಂಡವನನ್ನು ಅಷ್ಟಕ್ಕೇ ಜೈಲಿಗೆ ಹಾಕಬಾರದು ಅಂತ 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೆಂಡತಿ ಹೆಸರಿಗೆ ಮನೆ ಬರೆದರೆ ಆಗುತ್ತಾ ಅಂತ ಕೇಳಿದವನಿಗೆ ಬರೀ ನಗು ಸಿಕ್ಕಿತು. ಹಾಗೆ ಸುಮ್ನೆ ಬರೆದುಕೊಟ್ಟು ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಂದರೆ ಆ ಪತ್ರ ರದ್ದಾಗಬಹುದು ಅಂತ ಹೇಳಬೇಕಿತ್ತು ಅಲ್ವಾ? ಸಾಹೇಬರು ಖಚಿತವಾಗಿ ಹೇಳಿದ್ದು ಒಂದೇ. ದಿವಾಳಿಯಾದವರು ಶಾಸಕರಾಗುವಂತಿಲ್ಲವಂತೆ. ಆಯಮ್ಮ ಟಿಕೆಟ್‌ಗೆ ಓಡಾಡುತ್ತಿದ್ದರೋ ಏನೋ.

ಇದೇನು ಹೊಸದಲ್ಲ. 2019ರಲ್ಲಿ ಬಡವರ ಕೈಸಾಲ ಮನ್ನಾ ಮಾಡುವ ಋಣ ಪರಿಹಾರ ಕಾಯ್ದೆ ಬಂದಾಗಲೂ ಇದೇ ಹಾಡು. 90 ದಿನದೊಳಗೆ ಅರ್ಜಿ ಕೊಡಿ ಅಂದರು. ಫಾರಂ ಜೆರಾಕ್ಸ್ ಅಂಗಡಿಯಲ್ಲಿ ಬಿಕರಿಯಾಯಿತು. ನಮ್ಮತ್ತೆ ಕೊಟ್ಟ ಅರ್ಜಿ ಯಾವ ಕಪಾಟಿನಲ್ಲಿದೆಯೋ. ಪಹಣಿಯಲ್ಲಿ ನಮ್ಮಪ್ಪನ ಹೆಸರಿನ ಒಂದು ಅಕ್ಷರ ತಿದ್ದಿ ಅಂದರೆ ಸರ್ವರ್ ಇಲ್ಲ ಅನ್ನುತ್ತಾರೆ. ವಸೂಲಿಯವರಿಗೆ ಮಾತ್ರ ಸರ್ವರ್ ಯಾವಾಗಲೂ ಇರುತ್ತೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಇವತ್ತು ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿದವನಿಗೆ ಅದನ್ನೇ ಹೇಳಿದೆ. 'ರಿಸರ್ವ್ ಬ್ಯಾಂಕಿಗೇ ಹೋಗಿ ಹೇಳ್ಕೊಳ್ಳಿ' ಅಂದ.

ಶಿಬಿರ ಮಾಡಿದವರು ಜನರನ್ನು ಮತ್ತೆ ಕರೆದು ಸರಿಯಾದ ಉತ್ತರ ಹೇಳಬೇಕು. ಅಥವಾ ಬೇಡ, ಇನ್ನೊಂದು ಶಿಬಿರ ಅಂದರೆ ಇನ್ನೊಂದು ಕಂತೆ ಶಾಲು. ದೆಹಲಿಯವರು ಕಾಯ್ದೆಯ ಉಳಿದ ಭಾಗ ಜಾರಿ ಮಾಡಲಿ. ಇಲ್ಲಿಯವರು ಪೇಟೆ ಬೀದಿಗೆ ಟಾರಾದರೂ ಹಾಕಿಸಲಿ, ಯಾವುದು ಮೊದಲಾದರೂ ಸರಿ. ಸಾಹೇಬರು ಇನ್ನು ಮುಂದೆ ಮೈಕ್ ಹಿಡಿಯುವ ಮುಂಚೆ ಸ್ವಲ್ಪ ಓದಿಕೊಂಡು ಬರಲಿ. ಸಂಬಳ ತಗೊಳ್ಳುತ್ತಾರಲ್ಲ.

– ಒಬ್ಬ ಜಾಮೀನುದಾರ, ಪೇಟೆ ಬೀದಿ