ನಾಲ್ಕು ಜನ ತಲೆಕೆಟ್ಟವರ ಕೆಲಸ ಅಂದುಬಿಟ್ಟರೆ ಸಾಕೇ?

ಮಾನ್ಯ ಸಂಪಾದಕರೇ,

ಹೊರದೇಶಗಳಲ್ಲಿ ವಲಸಿಗರ ಮೇಲೆ ನಡೆಯುವ ಹಲ್ಲೆಗಳ ಬಗ್ಗೆ ಓದುಗರೊಬ್ಬರು ಬರೆದ ಪತ್ರ ಓದಿದೆ. ‘ಇದು ನಾಲ್ಕು ಜನ ತಲೆಕೆಟ್ಟ ಬಲಪಂಥೀಯರ ಕೆಲಸ, ಜನಾಂಗದ್ವೇಷ ಅಂತ ದೊಡ್ಡದು ಮಾಡಬೇಕಿಲ್ಲ’ ಎಂದಿದ್ದಾರೆ. ಹೋದ ವರ್ಷದವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿದ್ದೆ. ಮೊಮ್ಮಗಳಿಗೆ ತೊಟ್ಟಿಲು ಆಗುತ್ತಿರಲಿಲ್ಲ, ಕಾರಿನಲ್ಲಿ ಓಡಾಡಿಸಿದರೆ ಮಾತ್ರ ನಿದ್ದೆ. ಹಾಗೆ ಸುತ್ತುವಾಗ ಒಂದು ಸಂಜೆ ಊರಂಚಿನಲ್ಲಿ, ಮರಗಳ ಪಕ್ಕ, ಒಂದು ಫಲಕ ಕಂಡಿತು. ಕೆಳಗೆ ಯಾರೋ ಹೂವಿಟ್ಟಿದ್ದರು. ಏನದು ಎಂದು ಅಳಿಯಂದಿರನ್ನು ಕೇಳಿದೆ.

ಎನ್ವರ್ ಶಿಮ್‌ಶೆಕ್ ಎಂಬ ಹೂವಿನ ವ್ಯಾಪಾರಿ, ಟರ್ಕಿಯಿಂದ ಬಂದವನು, 38 ವರ್ಷ. 2000ನೇ ಇಸವಿ ಸೆಪ್ಟೆಂಬರ್ 9ರಂದು ಅಲ್ಲಿ ಅವನಿಗೆ ಗುಂಡು ಹೊಡೆದರು, ಎರಡು ದಿನಕ್ಕೆ ತೀರಿಕೊಂಡ. ಅವತ್ತು ಅಲ್ಲಿ ಅವನು ಇರಬೇಕಾದವನೇ ಅಲ್ಲ. ರಜೆ ಮೇಲೆ ಹೋದವನ ಬದಲಿಗೆ ಅಂಗಡಿ ನೋಡಿಕೊಳ್ಳುತ್ತಿದ್ದ.

‘ಅಯ್ಯೋ ಪಾಪ, ಏನು ಸಾಲವೋ, ಏನು ಹಗೆಯೋ’ ಅಂದೆ.

‘ಅತ್ತೆ, ಪೊಲೀಸರೂ ಇದನ್ನೇ ಅಂದಿದ್ದು’ ಅಂದರು ಅಳಿಯಂದಿರು.

ನನಗೆ ಮಾತು ಹೊರಡಲಿಲ್ಲ.

ಆಮೇಲೆ ಅವರನ್ನು ಕೇಳಿ ಕೇಳಿ ತಿಳಿದುಕೊಂಡೆ. 2000ದಿಂದ 2006ರ ನಡುವೆ ಒಂದೇ ಪಿಸ್ತೂಲಿನಿಂದ ಒಂಬತ್ತು ಸಣ್ಣಪುಟ್ಟ ದುಡಿಮೆಗಾರರು ಸತ್ತರು. ಎಂಟು ಜನ ಟರ್ಕಿ ಮೂಲದವರು, ಒಬ್ಬ ಗ್ರೀಕ್. ಮೂವರು ಇದೇ ನ್ಯೂರೆಂಬರ್ಗ್‌ನಲ್ಲಿ. ಪೊಲೀಸರು ತನಿಖಾ ತಂಡಕ್ಕೆ ಇಟ್ಟ ಹೆಸರು ‘ಬಾಸ್ಪೊರಸ್’, ಇಸ್ತಾಂಬುಲ್‌ನ ಜಲಸಂಧಿ! ಹುಡುಕುವ ಮೊದಲೇ ದಿಕ್ಕು ಗೊತ್ತಿತ್ತು ಅನ್ನಿ. ಮಾದಕವಸ್ತು, ಮಾಫಿಯಾ ನಂಟು ಎಂದು ಬಿದ್ದ ಸೂಜಿ ಹುಡುಕುವ ಹಾಗೆ ಹುಡುಕಿದರು, ಯಾವುದೂ ಸಿಗಲಿಲ್ಲ. ಶಿಮ್‌ಶೆಕ್ ಹೆಂಡತಿಗೆ ಯಾರೋ ಹೆಂಗಸಿನ ಫೋಟೊ ತೋರಿಸಿ, ನಿನ್ನ ಗಂಡನಿಗೆ ಇವಳ ಸಂಬಂಧ ಇತ್ತು ಎಂದು ಸುಳ್ಳು ಹೇಳಿದರು. ಪತ್ರಿಕೆಗಳು ‘ಡೋನರ್ ಕೊಲೆಗಳು’ ಎಂದು ಬರೆದವು. ಡೋನರ್ ಅಂದರೆ ಅಲ್ಲಿ ಬೀದಿಬದಿ ಮಾರುವ ಟರ್ಕಿಯ ಮಾಂಸದ ತಿಂಡಿ. ಸತ್ತವರಲ್ಲಿ ದರ್ಜಿ ಇದ್ದ, ತರಕಾರಿ ಮಾರುವವನಿದ್ದ, ಇಂಟರ್ನೆಟ್ ಕೆಫೆ ನಡೆಸುವ ಹುಡುಗನಿದ್ದ.

2007ರಲ್ಲಿ ಒಂದು ರಾಜ್ಯದ ಪೊಲೀಸ್ ವರದಿ ಏನು ತರ್ಕ ಹೂಡಿತು ಗೊತ್ತೇ? ನಮ್ಮ ಸಂಸ್ಕೃತಿಯಲ್ಲಿ ಮನುಷ್ಯರನ್ನು ಕೊಲ್ಲುವುದು ನಿಷಿದ್ಧ, ಆದ್ದರಿಂದ ಕೊಂದವರು ನಮ್ಮವರಲ್ಲ! ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್ ಇರುವ ದೇಶದಲ್ಲಿ ಈ ಮಾತು.

ಸತ್ತವರ ಮನೆಯವರಲ್ಲಿ ಹಲವರಿಗೆ ಮಾತ್ರ ಇದು ವಲಸಿಗರ ಮೇಲಿನ ದ್ವೇಷದಿಂದಾದ ಕೊಲೆ ಎಂಬ ಅನುಮಾನ ಮೊದಲೇ ಇತ್ತು. 2006ರ ಮೇ ತಿಂಗಳಲ್ಲಿ ಕಾಸೆಲ್ ಊರಿನಲ್ಲಿ ‘ಹತ್ತನೆಯ ಬಲಿ ಬೇಡ’ ಎಂದು ಬರೆದುಕೊಂಡು ಮೆರವಣಿಗೆ ಹೊರಟರು. ಯಾರೂ ಕಿವಿಗೊಡಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಹತ್ತನೆಯ ಬಲಿಯಾಯಿತು. ಈ ಸಲ ಸತ್ತವಳು 22 ವರ್ಷದ ಪೊಲೀಸ್ ಹುಡುಗಿ.

ಕೊಂದವರು ಯೇನಾ ಊರಿನ ನವನಾಜಿಗಳು ಎಂದು ಗೊತ್ತಾಗಿದ್ದು 2011ರ ನವೆಂಬರ್‌ನಲ್ಲಿ. ಅದೂ ತನಿಖೆಯಿಂದಲ್ಲ. ಬ್ಯಾಂಕ್ ದರೋಡೆ ಮಾಡಿದ ಇಬ್ಬರು ವ್ಯಾನಿನಲ್ಲಿ ಸತ್ತು ಸಿಕ್ಕ ಮೇಲೆ. ಮೂರನೆಯವಳು ಬೆಯಾಟೆ ಚೇಪೆ. ಅವಳಿಗೆ 2018ರ ಜುಲೈ 11ರಂದು ಜೀವಾವಧಿ ಶಿಕ್ಷೆಯಾಯಿತು. ಪಿಸ್ತೂಲು ಕೊಡಿಸಿದವರು, ತಮ್ಮ ಗುರುತಿನ ಕಾಗದ ಕೊಟ್ಟವರು ಬೇರೆ ಇದ್ದರು, ಅವರಿಗೂ ಶಿಕ್ಷೆಯಾಯಿತು.

ಲೆಕ್ಕಕ್ಕೆ ಹಿಡಿದರೆ ಓದುಗರ ‘ನಾಲ್ಕು ಜನ’ ಸರಿಯೇ ಇರಬಹುದು. ಆದರೆ ಆ ಮೂವರು ಹನ್ನೊಂದು ವರ್ಷ ಸಿಗದೇ ಉಳಿದದ್ದು ಹೇಗೆ? ಗುಂಡು ಹಾರಿಸದ, ನಾಜಿ ಬಾವುಟ ಹಿಡಿಯದ ಮರ್ಯಾದಸ್ಥರೂ ‘ಟರ್ಕಿಯವನು ಸತ್ತ ಅಂದರೆ ಏನೋ ವ್ಯವಹಾರ ಇರಬೇಕು’ ಅಂದುಕೊಂಡರಲ್ಲ, ಅದಕ್ಕೆ. ಅದಕ್ಕೆ ಜನಾಂಗದ್ವೇಷ ಅನ್ನದೆ ಇನ್ನೇನು ಅನ್ನೋಣ?

2012ರ ಶ್ರದ್ಧಾಂಜಲಿ ಸಭೆಯಲ್ಲಿ ಚಾನ್ಸಲರ್ ಮರ್ಕೆಲ್ ಕ್ಷಮೆ ಕೇಳಿದರು. ಶಿಮ್‌ಶೆಕ್‌ನ ಮಗಳೂ ಅಲ್ಲಿ ಮಾತಾಡಿದಳಂತೆ. ನಾವು ನೊಂದವರು ಎಂದು ಹೇಳಿಕೊಳ್ಳುವ ಅವಕಾಶವೂ ಹನ್ನೊಂದು ವರ್ಷ ಇರಲಿಲ್ಲ ಎಂಬ ಅರ್ಥದ ಮಾತು. ಹಿಂದಿನ ಸೀಟಿನಲ್ಲಿ ಮೊಮ್ಮಗಳನ್ನು ತಟ್ಟುತ್ತಾ ನಾನು ಸುಮ್ನೆ ಅಂದುಬಿಟ್ಟ ‘ಏನು ಸಾಲವೋ’ ಶಿಮ್‌ಶೆಕ್‌ನ ಆ ಮಗಳ ಕಿವಿಗೆ ಬಿದ್ದಿದ್ದರೆ ಹೇಗಿರುತ್ತಿತ್ತೋ.

– ನಿವೃತ್ತ ಶಿಕ್ಷಕಿ, ತಿಪಟೂರು