ದೂರು: ಬೇರೆ ಅಣುತೂಕದ ಡಿಎಸ್‌ಎಸ್ ಪುಡಿ ಕಳಿಸಿದ್ದರ ಬಗ್ಗೆ

ಇಂದ: ಸಂಶೋಧನಾ ವಿದ್ಯಾರ್ಥಿನಿ, ಔಷಧಶಾಸ್ತ್ರ ವಿಭಾಗ, ತುಮಕೂರು
ಗೆ: ವ್ಯವಸ್ಥಾಪಕರು, ಪ್ರಯೋಗಾಲಯ ರಾಸಾಯನಿಕಗಳ ಮಾರಾಟ ವಿಭಾಗ, ಬೆಂಗಳೂರು

ಮಾನ್ಯರೇ,

ಕರುಳಿನ ತೀವ್ರ ಉರಿಯೂತದ ಬಗ್ಗೆ ಇಲಿಗಳಲ್ಲಿ ಅಧ್ಯಯನ ನಡೆಸಲು ತಮ್ಮಿಂದ ಡೆಕ್ಸ್‌ಟ್ರಾನ್ ಸಲ್ಫೇಟ್ ಸೋಡಿಯಂ (ಡಿಎಸ್‌ಎಸ್) ಪುಡಿ ತರಿಸಿದ್ದೆವು. ಅಣುತೂಕ 36,000ದಿಂದ 50,000 ಡಾಲ್ಟನ್ ಇರಬೇಕು, ಎಲ್ಲವೂ ಒಂದೇ ಲಾಟಿನದಾಗಿರಬೇಕು, ಅಂದರೆ ಒಟ್ಟಿಗೆ ತಯಾರಾದದ್ದಾಗಿರಬೇಕು ಎಂದು ಆರ್ಡರಿನಲ್ಲೇ ಬರೆದಿತ್ತು. ಬಂದದ್ದು ಎರಡು ಲಾಟಿನ ಮಾಲು. ಒಂದರ ಲೇಬಲ್ಲಿನಲ್ಲಿ ಅಣುತೂಕ ಅಚ್ಚಾಗಿದೆ. ಇನ್ನೊಂದರಲ್ಲಿ ಆ ಜಾಗ ಖಾಲಿ, ಲಾಟ್ ನಂಬರನ್ನು ಬಾಲ್‌ಪೆನ್ನಿನಲ್ಲಿ ಗೀಚಿದ್ದಾರೆ. ಸೀಲ್ ತೆಗೆಯುವ ಮೊದಲೇ ವಿಚಾರಿಸಿದೆ. "ಎರಡೂ ಒಂದೇ ಮೇಡಂ, ಧೈರ್ಯವಾಗಿ ಬಳಸಿ" ಎಂದ ತಮ್ಮ ಪ್ರತಿನಿಧಿ ಇ-ಮೇಲಿನಲ್ಲೂ ಹಾಗೆಯೇ ಬರೆದುಕೊಟ್ಟರು.

ಈ ಪುಡಿಯನ್ನು ಶೇ 2.5ರಷ್ಟು ಕುಡಿಯುವ ನೀರಿಗೆ ಬೆರೆಸಿ 7 ದಿನ ಕೊಡುತ್ತೇವೆ. ಅದು ದೊಡ್ಡ ಕರುಳಿನ ಒಳಪದರವನ್ನು ಕೆಡಿಸುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಒಳನುಗ್ಗಿ ಉರಿಯೂತ ಶುರುವಾಗುತ್ತದೆ. ಮೊದಲ ಲಾಟಿನ ನೀರು ಕುಡಿದ ಇಲಿಗಳು ಐದನೇ ದಿನಕ್ಕೆಲ್ಲ ಬೆನ್ನು ಗೂನಾಗಿಸಿ ಮೂಲೆ ಹಿಡಿದವು. ತೂಕ ಇಳಿಯಿತು, ಹಿಕ್ಕೆ ನೀರಾಯಿತು, ಬಾಲದ ಬುಡದಲ್ಲಿ ರಕ್ತ ಮೆತ್ತಿತ್ತು. ಪಕ್ಕದ ಪಂಜರಗಳಲ್ಲಿ ಇನ್ನೊಂದು ಲಾಟಿನ ನೀರು ಕುಡಿದವು ಮಾತ್ರ ಆರಾಮಾಗಿ ಓಡಾಡುತ್ತಿದ್ದವು. ಕೊನೆಗೆ ಅಳೆದಾಗ ಮೊದಲನೆಯವುಗಳ ದೊಡ್ಡ ಕರುಳು ಗಿಡ್ಡವಾಗಿತ್ತು, ಇವುಗಳದ್ದು ಇದ್ದ ಹಾಗೇ ಇತ್ತು.

ಕೇಳಿ ಕೇಳಿ ಸಾಕಾದ ಮೇಲೆ ತಾವು ಕಳಿಸಿದ ವಿಶ್ಲೇಷಣಾ ಪ್ರಮಾಣಪತ್ರದಲ್ಲಿ ಎರಡನೇ ಲಾಟಿನ ಅಣುತೂಕ 5,000 ಎಂದಿದೆ! 40,000ದ ಆಸುಪಾಸಿನದು ಜೋರಾದ ಉರಿಯೂತ ತರುತ್ತದೆ, 5,000ದ್ದು ತೀರ ಸೌಮ್ಯ. ಈ ಕೆಲಸಕ್ಕೆಂದೇ ಪುಡಿ ಮಾರುವವರಿಗೆ ಇದು ತಿಳಿದಿರಲೇಬೇಕು. ಯಾವ ಪಂಜರಕ್ಕೆ ಯಾವ ಬಾಟಲಿ ಎಂದು ನಾವು ಬರೆದಿಡದಿದ್ದರೆ, ಎರಡನೇ ಲಾಟಿನ ಇಲಿಗಳು ಆರಾಮಾಗಿದ್ದುದನ್ನು ನಾವು ಪರೀಕ್ಷಿಸುವ ಔಷಧದ ಫಲವೆಂದು ತಿಳಿದು, ಕೆಲಸಕ್ಕೆ ಬಾರದ ಔಷಧವನ್ನು ಗುಣಕಾರಿ ಎಂದು ಪ್ರಕಟಿಸಿಬಿಡುವ ಸಾಧ್ಯತೆ ಇತ್ತು.

ದುಡ್ಡಿನ ನಷ್ಟಕ್ಕಿಂತ ನನ್ನನ್ನು ಕಾಡುವುದು ಆ ಇಲಿಗಳ ವಿಚಾರ. ಪ್ರಾಣಿ ನೈತಿಕ ಸಮಿತಿ ಒಂದೊಂದು ಇಲಿಗೂ ಲೆಕ್ಕ ಕೇಳಿ ಅನುಮತಿ ಕೊಡುತ್ತದೆ, ಇಷ್ಟು ಸಾಕೇ, ಇನ್ನೂ ಕಡಿಮೆ ಮಾಡಲಾಗದೇ ಎಂದು. ಹೋಲಿಕೆಯೇ ಕೆಟ್ಟಿರುವಾಗ ಅವು ಪಟ್ಟ ನೋವು ಯಾವ ರೋಗಿಗೂ ಉಪಯೋಗಕ್ಕೆ ಬಾರದು.

ಆದ್ದರಿಂದ ಪೂರ್ತಿ ಮಾಲನ್ನು ಒಂದೇ ಲಾಟಿನಲ್ಲಿ, ಪ್ರಮಾಣಪತ್ರದ ಸಮೇತ ಬದಲಾಯಿಸಿಕೊಡಿ. ಹೊಸ ಇಲಿಗಳಿಗೆ ಸಮಿತಿಯ ಅನುಮತಿ ಕೇಳಬೇಕಾಗಿದೆ. ಆದದ್ದೇನೆಂದು ಲಿಖಿತ ವಿವರಣೆಯನ್ನೂ ಕೊಡಿ. ಅದು ಬರುವವರೆಗೆ ಬಿಲ್ ಪಾವತಿ ಆಗುವುದಿಲ್ಲ. ಈ ಎರಡನೇ ಲಾಟನ್ನು ಬೇರೆ ಯಾವ ಪ್ರಯೋಗಾಲಯಕ್ಕೆ ಕಳಿಸಿದ್ದರೂ ಅವರಿಗೆ ಇವತ್ತೇ ಫೋನ್ ಮಾಡಿ ತಿಳಿಸಿ.

ಲೇಬಲ್‌ಗಳ ಫೋಟೊ, ಇ-ಮೇಲ್ ಪ್ರತಿ ಲಗತ್ತಿಸಿದ್ದೇನೆ.

ಇತಿ,
ಸಂಶೋಧನಾ ವಿದ್ಯಾರ್ಥಿನಿ