ತೊಟ್ಟಿಲ ಪಕ್ಕ ಕೂತಿರುವ ಅಕ್ಕ

ಪ್ಯಾರಿಸ್
ಭಾನುವಾರ ರಾತ್ರಿ

ಪ್ರೀತಿಯ ಅಕ್ಕಾ,

ನಾನು ಚೆನ್ನಾಗಿದ್ದೇನೆ. ಚಳಿ ಜಾಸ್ತಿ, ಆದರೆ ಅಮ್ಮ ಕಳಿಸಿದ ಸ್ವೆಟರ್ ಸಾಕಾಗುತ್ತಿದೆ ಅಂತ ಅವಳಿಗೆ ಹೇಳು. ಫೋನಿನಲ್ಲೇ ಎಲ್ಲ ಹೇಳೋಣ ಅಂದರೆ ಒಂದು ಕಡೆ ಪಾಪು ಅಳು, ಇನ್ನೊಂದು ಕಡೆ ಕುಕ್ಕರ್ ಸೀಟಿ, ನಿನಗೆ ಐದು ನಿಮಿಷ ಕೂರುವುದಕ್ಕೆ ಆಗುವುದಿಲ್ಲ. ಅದಕ್ಕೇ ಈ ಕಾಗದ. ಪಾಪು ಮಲಗಿದ ಮೇಲೆ ಓದು.

ಇವತ್ತು ಓರ್ಸೆ ಮ್ಯೂಸಿಯಂಗೆ ಹೋಗಿದ್ದೆ. ಮೊದಲು ರೈಲ್ವೆ ಸ್ಟೇಷನ್ ಆಗಿದ್ದ ಕಟ್ಟಡ ಅದು. ತಿಂಗಳ ಮೊದಲ ಭಾನುವಾರ ಟಿಕೆಟ್‌ಗೆ ದುಡ್ಡಿಲ್ಲ, ಹಾಗಾಗಿ ಜನವೋ ಜನ. ಎಲ್ಲರೂ ಮೊನೆ, ವ್ಯಾನ್ ಗೋ ಚಿತ್ರಗಳ ಮುಂದೆ ಮುತ್ತಿಕೊಂಡಿದ್ದರು. ನಾನು ಸುಮ್ನೆ ಜಾಗ ಸಿಕ್ಕ ಕಡೆ ಹೋಗಿ ನಿಂತೆ. ತಲೆ ಎತ್ತಿದರೆ ಎದುರಿಗೆ ಒಂದು ತೊಟ್ಟಿಲು.

ಚಿತ್ರ ಚಿಕ್ಕದು, ಎತ್ತರ ಅರ್ಧ ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಹೆಸರೇ 'ತೊಟ್ಟಿಲು'. ಬೆರ್ತ್ ಮೊರಿಸೊ ಅನ್ನುವವಳು 1872ರಲ್ಲಿ ಬರೆದದ್ದು. ತಾಯಿ ಕೆನ್ನೆಗೆ ಕೈ ಕೊಟ್ಟು ಮಲಗಿದ ಮಗುವನ್ನು ನೋಡುತ್ತಿದ್ದಾಳೆ. ಮಗುವಿನ ಕೈಯೂ ಹಾಗೇ ಮಡಚಿ ತಲೆಯ ಹತ್ತಿರ ಹೋಗಿದೆ. ತೊಟ್ಟಿಲಿಗೆ ಇಳಿಬಿಟ್ಟ ಪರದೆಯ ಅಂಚು ತಾಯಿಯ ಇನ್ನೊಂದು ಕೈಯಲ್ಲಿದೆ, ನಮ್ಮ ಸೊಳ್ಳೆಪರದೆಯಷ್ಟೇ ತೆಳು, ಅದರ ಹಿಂದೆ ಮಗು ಮಸುಕು ಮಸುಕು. ದೂರದಿಂದ ಎಲ್ಲ ಬಿಳಿ ಅನ್ನಿಸುತ್ತದೆ. ಹತ್ತಿರ ಹೋದರೆ ಆ ಬಿಳಿಯೊಳಗೆ ನೀಲಿ ಇದೆ, ಬೂದು ಇದೆ, ಎಲ್ಲೋ ಒಂದು ಕಡೆ ಗುಲಾಬಿ. ಕುಂಚ ಬೇಗ ಬೇಗ ಎಳೆದದ್ದು ಹಾಗೇ ಕಾಣುತ್ತದೆ. ನೀನಿದ್ದಿದ್ದರೆ ಮೂಗು ತಗಲುವಷ್ಟು ಹತ್ತಿರ ಹೋಗಿ ಕಾವಲುಗಾರನ ಹತ್ತಿರ ಬೈಸಿಕೊಳ್ಳುತ್ತಿದ್ದೆ.

ಆ ತಾಯಿ ಯಾರು ಗೊತ್ತಾ? ಬೆರ್ತ್‌ಳ ಅಕ್ಕ, ಎಡ್ಮಾ.

ಇಬ್ಬರಿಗೂ ಎರಡೇ ವರ್ಷದ ಅಂತರ, ಇಬ್ಬರೂ ಒಟ್ಟಿಗೇ ಕಲಿತವರು. ಸರ್ಕಾರದ ದೊಡ್ಡ ಕಲಾಶಾಲೆಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದೇ 1897ರಲ್ಲಿ, ಆದ್ದರಿಂದ ಇವರಿಗೆ ಖಾಸಗಿ ಪಾಠವೇ ಗತಿ. ಆಮೇಲೆ ಕೊರೊ ಅನ್ನುವ ದೊಡ್ಡ ಕಲಾವಿದ ಸಿಕ್ಕಿ, ಬಯಲಲ್ಲಿ ಕೂತು ಬರೆಯುವುದನ್ನು ಕಲಿಸಿದ. 1864ರಲ್ಲಿ ಸಲೋನ್ ಅನ್ನುವ ಸರ್ಕಾರಿ ಪ್ರದರ್ಶನಕ್ಕೆ ಅಕ್ಕ ತಂಗಿ ಇಬ್ಬರ ಚಿತ್ರಗಳೂ ಆಯ್ಕೆಯಾದವು. ತಂಗಿ ಚಿತ್ರ ಬರೆಯುತ್ತಾ ನಿಂತಿರುವುದನ್ನು ಎಡ್ಮಾ ಬರೆದ ಒಂದು ಚಿತ್ರ ಉಂಟು, ಪುಸ್ತಕದಲ್ಲಿ ನೋಡಿದೆ. ಎಷ್ಟು ಗಟ್ಟಿ ಕೈ ಅಕ್ಕಾ ಅವಳದು!

1869ರಲ್ಲಿ ಎಡ್ಮಾಗೆ ನೌಕಾಪಡೆಯ ಅಧಿಕಾರಿಯ ಜೊತೆ ಮದುವೆಯಾಯಿತು. ಸಮುದ್ರದ ದಂಡೆಯ ಲೋರಿಯಾಂಗೆ ಹೋದಳು. ಚಿತ್ರ ಅಲ್ಲಿಗೆ ನಿಂತಿತು. ಅಲ್ಲಿಂದ ತಂಗಿಗೆ ಕಾಗದ ಬರೆಯುತ್ತಿದ್ದಳು: ಮನಸ್ಸಿನಲ್ಲಿ ನಿನ್ನ ಜೊತೆ ಸ್ಟುಡಿಯೋದಲ್ಲೇ ಇರುತ್ತೇನೆ, ಕಾಲು ಗಂಟೆಯಾದರೂ ತಪ್ಪಿಸಿಕೊಂಡು ಬಂದು ಆ ಗಾಳಿ ಕುಡಿಯಬೇಕು ಅನ್ನಿಸುತ್ತದೆ ಅಂತ. ನೀನು ನನ್ನ ಕಾಗದ ಓದಿ ಅತ್ತೆ, ನಾನೂ ಇವತ್ತು ಬೆಳಿಗ್ಗೆ ಅತ್ತೆ ಅಂತ ತಂಗಿಯ ಉತ್ತರ. ಇದನ್ನು ಓದಿ ನನಗೆ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ.

ಬೆರ್ತ್ ಬಿಡಲಿಲ್ಲ. 1874ರಲ್ಲಿ ಮೊನೆ, ದೆಗಾ, ರೆನ್ವಾ ಎಲ್ಲ ಸೇರಿ ಸಲೋನ್ ಬಿಟ್ಟು ತಮ್ಮದೇ ಪ್ರದರ್ಶನ ಮಾಡಿದರಲ್ಲ, ಆ ಗುಂಪಿಗೆ ಇಂಪ್ರೆಷನಿಸ್ಟ್ ಅಂತ ಹೆಸರು ಬಂದದ್ದೇ ಅಲ್ಲಿಂದ, ಅದರಲ್ಲಿದ್ದ ಸುಮಾರು 30 ಜನರಲ್ಲಿ ಹೆಣ್ಣು ಇವಳೊಬ್ಬಳೇ. ಬೇಡ ಅಂತ ಸ್ನೇಹಿತ ಎದುವಾರ್ ಮಾನೆ (ಮೊನೆ ಅಲ್ಲ, ಇವನು ಬೇರೆ ಕಲಾವಿದ) ಹೇಳಿದರೂ ಕೇಳಲಿಲ್ಲ. ಈ 'ತೊಟ್ಟಿಲು' ಅಲ್ಲೇ ಇತ್ತು. ಮಾರಾಟವಾಗಲಿಲ್ಲ, ಮನೆಯಲ್ಲೇ ಉಳಿಯಿತು, 1930ರಲ್ಲಿ ಲೂವ್ರ್ ಕೊಂಡುಕೊಂಡಿತು. ಪ್ರದರ್ಶನ ನಡೆದ 1874ರ ಕೊನೆಗೇ ಬೆರ್ತ್ ಮಾನೆಯ ತಮ್ಮ ಯುಜೀನ್‌ನನ್ನು ಮದುವೆಯಾದಳು. ಅವನೂ ಒಳ್ಳೆಯವನು, ಹೆಂಡತಿಯ ಕೆಲಸಕ್ಕೆ ಜೊತೆ ನಿಂತ. ಆ ಗುಂಪಿನ ಎಂಟು ಪ್ರದರ್ಶನಗಳಲ್ಲಿ ಏಳರಲ್ಲಿ ಇವಳ ಚಿತ್ರಗಳಿದ್ದವು. ತಪ್ಪಿದ್ದು 1879ರದು ಮಾತ್ರ. ಮಗಳು ಜೂಲಿ ಹುಟ್ಟಿ ಆಗ ಕೆಲವೇ ತಿಂಗಳಾಗಿತ್ತು.

ಆಮೇಲೆ ಅದೇ ಜೂಲಿಯನ್ನು ಎಷ್ಟು ಸಲ ಬರೆದಿದ್ದಾಳೆ ಅಂತೀಯ! ಅಪ್ಪನ ಜೊತೆ ತೋಟದಲ್ಲಿ, ಪಿಟೀಲು ಹಿಡಿದುಕೊಂಡು, ನಾಯಿಯ ಜೊತೆ. ಗಂಡಸರ ಹಾಗೆ ಕಾಫಿ ಅಂಗಡಿಯಲ್ಲಿ ಕೂತು ಹರಟೆ ಹೊಡೆಯುವ ಹಾಗಿರಲಿಲ್ಲ, ಹಾಗಾಗಿ ಮನೆ, ತೋಟ, ಬಟ್ಟೆ ಒಣಹಾಕುವ ಹೆಂಗಸರು, ಕಣ್ಣೆದುರು ಇದ್ದದ್ದನ್ನೇ ಬರೆದಳು. ಇವನ್ನು ಮನೆವಾರ್ತೆ ಚಿತ್ರ ಅಂತ ಪಕ್ಕಕ್ಕಿಡುವುದು ನನಗೆ ಸರಿ ಕಾಣುವುದಿಲ್ಲ. ಬೆಳಕು ಅಡುಗೆಮನೆ ಕಿಟಕಿಯಲ್ಲಿ ಬಂದರೂ ಬೆಳಕೇ ಅಲ್ವಾ?

1895ರಲ್ಲಿ ಜೂಲಿಗೆ ಕಾಯಿಲೆಯಾಗಿ, ಅವಳ ಆರೈಕೆ ಮಾಡುತ್ತಾ ಬೆರ್ತ್‌ಗೂ ಹತ್ತಿ, ನ್ಯುಮೋನಿಯಾ ಆಗಿ ಹೋಗಿಬಿಟ್ಟಳು. 54 ವರ್ಷ. ಸಾವಿನ ದಾಖಲೆಯಲ್ಲಿ ಉದ್ಯೋಗ ಇಲ್ಲ ಅಂತ ಬರೆದರು. ಮ್ಯೂಸಿಯಂನಿಂದ ನೇರ ಪಾಸಿ ಸ್ಮಶಾನಕ್ಕೆ ಹೋದೆ, ಐಫೆಲ್ ಟವರ್‌ಗೆ ಹತ್ತಿರವೇ. ಸಮಾಧಿಯ ಕಲ್ಲಿನ ಮೇಲೂ ಹೆಸರು, ಅದರ ಜೊತೆ ಯುಜೀನ್ ಮಾನೆಯ ವಿಧವೆ ಅಂತ ಇದೆ, ಅಷ್ಟೇ. ಚಿತ್ರದ ಮಾತೇ ಇಲ್ಲ. ತುಂಬಾ ಸಿಟ್ಟು ಬಂತು. ಹೂವು ತಂದಿರಲಿಲ್ಲ, ಕಲ್ಲಿನ ಮೇಲೆ ಬಿದ್ದಿದ್ದ ಎಲೆಗಳನ್ನು ಕೈಯಲ್ಲೇ ಸರಿಸಿ ಬಂದೆ.

ವಾಪಸ್ ಬರುವಾಗ ಮೆಟ್ರೋದಲ್ಲಿ ನಿನ್ನದೇ ನೆನಪು. ನೀನು ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸು ಮಾಡಿದ್ದೆ. ಕೆರೆ ಏರಿಯ ಮೇಲೆ ಕೂತು ನೀನು ಬರೆಯುವಾಗ ನೀರಿನ ಲೋಟ ಹಿಡಿದುಕೊಂಡು ನಾನು ಪಕ್ಕದಲ್ಲೇ. ಮದುವೆಯಾಗಿ ಹೊರಟಾಗ ಬಣ್ಣದ ಡಬ್ಬಿ ನನ್ನ ಕೈಗೆ ಕೊಟ್ಟು, ಒಣಗೋಕೆ ಬಿಡಬೇಡ ಅಂದಿದ್ದೆ. ನಾನು ಬಿಟ್ಟೆ ಅಕ್ಕಾ. ಒಂದು ಸಲವೂ ಮುಚ್ಚಳ ತೆಗೆಯಲಿಲ್ಲ. ನೀನು ಯಾಕೆ ನಿಲ್ಲಿಸಿದೆ ಅಂತಲೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ, ನಿಧಾನಕ್ಕೆ ಬರೆ.

ಇದರ ಜೊತೆ ಆ ಚಿತ್ರದ ಕಾರ್ಡ್ ಇಟ್ಟಿದ್ದೇನೆ. ಡಿಸೆಂಬರ್‌ನಲ್ಲಿ ಬರುವಾಗ ಇಲ್ಲಿಂದ ಜಲವರ್ಣದ ಡಬ್ಬಿ ತರುತ್ತೇನೆ, ಎರಡು ಕುಂಚ ಈಗಲೇ ಕೊಂಡಾಯಿತು, ಒಂದು ತೆಳು, ಒಂದು ಚಪ್ಪಟೆ. ಕಾಗದ ಯಾವ ಸೈಜ್ ಬೇಕು ಅಂತ ತಿಳಿಸು. ಬೆಳಗಿನ ಹೊತ್ತು ಪಾಪುವನ್ನು ನಾನು ನೋಡಿಕೊಳ್ಳುತ್ತೇನೆ.

ಭಾವನಿಗೆ ನಮಸ್ಕಾರ ಹೇಳು. ಪಾಪುಗೆ ಮುತ್ತು.

ನಿನ್ನ ತಂಗಿ